ಹೊಟ್ಟೆಯ ನೆರಳಿನಲ್ಲಿದ್ದ ಉಡದಾರ

ತನ್ನ ದೇಹದ ವಿಷಯದಲ್ಲಿ ಮನುಷ್ಯ ಎರಡು ಸುಳ್ಳುಗಳನ್ನು ಯಾವ ಅಳುಕೂ ಇಲ್ಲದೆ ಹೇಳುತ್ತಾನೆ. ಒಂದು ಎತ್ತರದ್ದು, ಇನ್ನೊಂದು ಸೊಂಟದ್ದು. ಮೊದಲನೆಯದನ್ನು ತುಸು ಏರಿಸುತ್ತಾನೆ, ಎರಡನೆಯದನ್ನು ತುಸು ಇಳಿಸುತ್ತಾನೆ. ಇದರಿಂದ ಯಾರಿಗೂ ನಷ್ಟವಿಲ್ಲವಾದ್ದರಿಂದ ಕೇಳುವವರೂ ತಕರಾರು ತೆಗೆಯುವುದಿಲ್ಲ. ನಾನಂತೂ ಈ ಎರಡನ್ನೂ ಎಷ್ಟು ಕಾಲದಿಂದ ಹೇಳಿಕೊಂಡು ಬಂದಿದ್ದೆನೆಂದರೆ, ಅವು ಸುಳ್ಳೆಂಬುದೇ ಮರೆತುಹೋಗಿತ್ತು. ಇದಕ್ಕೆ ಗಂಗಾವತಿಯ ನಮ್ಮ ದರ್ಜಿಯ ಸಹಕಾರವೂ ಇದೆ. ಅವನು ಟೇಪನ್ನು ನನ್ನ ಸುತ್ತ ಹಾಯಿಸಿ, "ಹ್ವಾದ ವರ್ಷದ್ದ ಐತ್ರಿ, ಒಂಚೂರ ಸಡಲ ಇಡ್ತೀನಿ" ಅನ್ನುತ್ತಾನೆ. ಆ ಒಂಚೂರು ಎಷ್ಟೆಂದು ಅವನೂ ಹೇಳಿಲ್ಲ, ನಾನೂ ಕೇಳಿಲ್ಲ. ಸಂಬಂಧಗಳು ಉಳಿಯುವುದೇ ಹೀಗೆ.

ಹಾಗೆಂದು ನಾನು ಆರೋಗ್ಯದ ಬಗ್ಗೆ ನಿಶ್ಚಿಂತನಾಗಿದ್ದೆ ಎಂದು ಯಾರೂ ತಿಳಿಯಬಾರದು. ಚಿಂತೆ ನನ್ನ ಹುಟ್ಟುಗುಣ. ಎಡಗೈ ಜುಮ್ಮೆಂದರೆ ಹೃದಯ, ಬಲಗೈ ಜುಮ್ಮೆಂದರೆ ನರ, ಎರಡೂ ಜುಮ್ಮೆನ್ನದಿದ್ದರೆ ಇದೇನೋ ಒಳಗೊಳಗೇ ನಡೆಯುತ್ತಿರುವ ಸಂಚು ಎಂದು ಕಂಗಾಲಾಗುವವನು ನಾನು. ಕಳೆದ ಹತ್ತು-ಹನ್ನೆರಡು ವರ್ಷಗಳಲ್ಲಿ ದೊಡ್ಡ ದೊಡ್ಡ ರೋಗಗಳನ್ನೆಲ್ಲ ಸರದಿಯ ಪ್ರಕಾರ ಅನುಭವಿಸಿ, ಯಾವುದಕ್ಕೂ ಡಾಕ್ಟರ ಮುಖ ನೋಡದೆ, ನಾನಾಗಿಯೇ ಗುಣವಾಗಿದ್ದೇನೆ. ಡಾಕ್ಟರರ ಹತ್ತಿರ ಹೋಗದಿರುವುದಕ್ಕೆ ಕಾರಣ ಸರಳವಾದದ್ದು. ಹೋದರೆ ಅವರು ಏನಾದರೂ ಕಂಡುಹಿಡಿದುಬಿಟ್ಟರೆ?

ನನ್ನ ಉದ್ಯೋಗವೂ ಅಳತೆಯದೇ. ಗಂಗಾವತಿಯ ಹೊರಗಿನ ಒಂದು ಅಕ್ಕಿ ಗಿರಣಿಯಲ್ಲಿ ಲಾರಿ ತೂಗುವ ವೇಬ್ರಿಜ್ ನನ್ನ ಸುಪರ್ದಿಯಲ್ಲಿದೆ. ಸಿದ್ದಾಪುರದ ಕಡೆಯಿಂದ ಭತ್ತದ ಲಾರಿ ಬಂದರೆ ಮೊದಲು ತುಂಬಿದ್ದನ್ನು ತೂಗುತ್ತೇನೆ, ಇಳಿಸಿದ ಮೇಲೆ ಖಾಲಿ ತೂಗುತ್ತೇನೆ, ಕಳೆದು ಉಳಿದದ್ದು ಭತ್ತ. ಕೆಲಸವಿಲ್ಲದಾಗ ನಾನೂ ಹೋಗಿ ಆ ಉಕ್ಕಿನ ಹಾಸಿನ ಮೇಲೆ ನಿಲ್ಲುವುದುಂಟು. ಅದು ಲಾರಿಗಳ ಜೊತೆ ಬೆಳೆದ ಯಂತ್ರ. ಹತ್ತು ಕಿಲೋದ ಹೆಜ್ಜೆಯಲ್ಲೇ ಮಾತನಾಡುತ್ತದೆ, ಚಿಲ್ಲರೆ ಲೆಕ್ಕ ಅದಕ್ಕೆ ಗೊತ್ತಿಲ್ಲ. ನನಗೆ ಅದು ಎಪ್ಪತ್ತು ಎಂದು ಹೇಳುತ್ತದೆ. ಒಮ್ಮೆ ಹೊಟ್ಟೆ ತುಂಬ ಮಂಡಕ್ಕಿ ಒಗ್ಗಾಣಿ, ಮಿರ್ಚಿ ತಿಂದು ಬಂದು ನಿಂತೆ, ಆಗಲೂ ಎಪ್ಪತ್ತು. ಏಕಾದಶಿ ಉಪವಾಸ ಮಾಡಿ ನಿಂತೆ, ಆಗಲೂ ಎಪ್ಪತ್ತು. ಇಷ್ಟು ಸ್ಥಿರಚಿತ್ತದ ಯಂತ್ರ ಹೇಳಿದ್ದನ್ನು ಹೇಗೆ ನಂಬದಿರಲಿ? ನಮ್ಮ ಗುಮಾಸ್ತ ವೀರೇಶ ನಿಂತಾಗ ಅದು ತೊಂಬತ್ತು ಅನ್ನುತ್ತಿತ್ತು. ವೀರೇಶ ಬಾಗಿಲಿನಷ್ಟು ಎತ್ತರ, ಬಾಗಿಲಿನಷ್ಟೇ ಅಗಲ. ಅವನನ್ನು ಕಂಡಾಗಲೆಲ್ಲ ನನಗೆ ಅವನ ಆರೋಗ್ಯದ ಬಗ್ಗೆ ಮರುಕ ಹುಟ್ಟುತ್ತಿತ್ತು, ಮತ್ತು ಆ ಮರುಕದಿಂದ ನನ್ನ ಆರೋಗ್ಯ ಸುಧಾರಿಸಿದಂತೆ ಅನ್ನಿಸುತ್ತಿತ್ತು.

ಈ ನೆಮ್ಮದಿಗೆ ಕಲ್ಲು ಬಿದ್ದದ್ದು ನನ್ನ ಅಣ್ಣ ಶರಣಪ್ಪನಿಂದ. ಅವನು ಕುಷ್ಟಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಹೊಸ ಚಪ್ಪಲಿ ಕಚ್ಚಿ ಕಾಲ್ಬೆರಳಿಗೆ ಒಂದು ಸಣ್ಣ ಗಾಯವಾಯಿತು. ಮಾಯಲಿಲ್ಲ. ಅರಿಸಿನ ಹಚ್ಚಿದ, ಮುಲಾಮು ಹಚ್ಚಿದ, ಚಪ್ಪಲಿಯವನನ್ನು ಬೈದ. ಕೊನೆಗೆ ಆಸ್ಪತ್ರೆಗೆ ಹೋದಾಗ ಸಕ್ಕರೆ ಕಾಯಿಲೆ ವರ್ಷಗಟ್ಟಲೆಯಿಂದ ಇತ್ತೆಂದು ಗೊತ್ತಾಯಿತು, ಹೆಬ್ಬೆರಳು ಹೋಯಿತು. ಅಣ್ಣ ದಪ್ಪಗಿನವನೇನಲ್ಲ. ತೆಳ್ಳನೆಯ ಕೈಕಾಲು, ನಡುವೆ ಒಂದು ಹೊಟ್ಟೆ, ಅಷ್ಟೆ. ಅವನನ್ನು ನೋಡಿ ಬಂದ ದಿನ ನಾನು ಕನ್ನಡಿಯ ಮುಂದೆ ಅಡ್ಡಡ್ಡ ನಿಂತು ನೋಡಿಕೊಂಡೆ. ತೆಳ್ಳನೆಯ ಕೈಕಾಲು ಕಂಡವು. ನಡುವೆ ಇದ್ದದ್ದೂ ಕಂಡಿತು. ಅಂದಿನಿಂದ ನನ್ನ ಉಳಿದ ರೋಗಗಳೆಲ್ಲ ಹಿಂದೆ ಸರಿದು ಇದೊಂದೇ ಮುಂದೆ ಬಂದು ಕುಳಿತಿತು: ನನಗೂ ಇದೆಯೇ?

ಹೀಗಿರುವಾಗ ಸುಗ್ಗಿ ಮುಗಿದ ಮೇಲೆ ಗಿರಣಿಯ ಮಾಲೀಕರು ಕೆಲಸಗಾರರಿಗೆಲ್ಲ ಆರೋಗ್ಯ ತಪಾಸಣೆ ಇಟ್ಟರು. ಭತ್ತ ಒಣಗಿಸುವ ಅಂಗಳದಲ್ಲಿ ಶಾಮಿಯಾನ, ಅದರಡಿ ಒಬ್ಬ ಎಳೆಯ ವಯಸ್ಸಿನ ಡಾಕ್ಟರಮ್ಮ. ಆಕೆ ತೂಕದ ಯಂತ್ರವನ್ನು ಪಕ್ಕಕ್ಕೆ ಸರಿಸಿ, ಚೀಲ ಹೊಲಿಯುವ ನಮ್ಮ ಗಿರಣಿಯ ದಾರದ ಉಂಡೆಯೊಂದನ್ನೇ ಕೇಳಿ ತರಿಸಿಕೊಂಡರು. "ತೂಕ ಒಂದ ನೋಡಿದ್ರ ಸಾಲೂದಿಲ್ರಿ. ಹೊಟ್ಟಿ ಸುತ್ತ ಕೊಬ್ಬು ಎಷ್ಟ ಕೂತೈತಿ ಅನ್ನೂದು ಮುಖ್ಯ. ನಿಮ್ಮ ಎತ್ತರದಷ್ಟ ದಾರ ಕಡ್ಕೋರಿ, ಅರ್ಧಕ್ಕ ಮಡಚರಿ, ಹೊಕ್ಕಳ ಮಟ್ಟಕ್ಕ ಸುತ್ತರಿ. ತುದಿಗೆ ತುದಿ ಕೂಡಿತೋ, ಛಲೋ. ಕೂಡಲಿಲ್ಲೋ, ರಕ್ತ ತಪಾಸ ಮಾಡಸ್ರಿ" ಎಂದರು. ಇಷ್ಟು ಸುಲಭದ ಪರೀಕ್ಷೆ ಎಂದು ಎಲ್ಲರಿಗೂ ಹುಮ್ಮಸ್ಸು. ಹಮಾಲರ ಮುಖಂಡ ಹನುಮಪ್ಪ ಮೊದಲು ನಿಂತ. ಕ್ವಿಂಟಲ್ಲುಗಟ್ಟಲೆ ಹೊತ್ತ ದೇಹ. ಮಡಚಿದ ದಾರ ಅವನ ಸುತ್ತ ಹೋಗಿ ಗಂಟು ಹಾಕುವಷ್ಟು ಮಿಕ್ಕಿತು. ಆಮೇಲೆ ವೀರೇಶ. ನಾನು ಮರುಕವನ್ನು ಸಿದ್ಧಮಾಡಿಟ್ಟುಕೊಂಡೇ ನಿಂತಿದ್ದೆ. ಆದರೆ ಅವನ ಎತ್ತರದ ದಾರ ಉದ್ದವೂ ಇತ್ತು. ತುದಿಗಳ ನಡುವೆ ಎರಡೇ ಬೆರಳಿನ ಸಂದು ಬಿಟ್ಟು ನಿಂತಿತು.

ನನ್ನ ಸರದಿ ಬಂದಾಗ ನಾನು ದಾರ ಮುಟ್ಟುವ ಮೊದಲೇ ಹೇಳಿದೆ, "ಡಾಕ್ಟರೇ, ನನ್ನ ಸೊಂಟ ಮದುವೆಯಾದಾಗಿನಿಂದ ಒಂದೇ ಅಳತೆ. ನನ್ನ ಹತ್ತಿರ ಸಾಕ್ಷಿ ಇದೆ."

ಸಾಕ್ಷಿ ಎಂದರೆ ನನ್ನ ಉಡದಾರ. ಸೊಂಟಕ್ಕೆ ಉಡದಾರವಿಲ್ಲದೆ ಗಂಡಸು ಇರಬಾರದೆಂಬುದು ನಮ್ಮ ಕಡೆಯ ನಂಬಿಕೆ. ಪ್ರತಿವರ್ಷ ಯುಗಾದಿಗೆ ಹಳೆಯದನ್ನು ಬಿಚ್ಚಿ ಹೊಸದು ಕಟ್ಟುತ್ತೇವೆ. ನನ್ನ ಹೆಂಡತಿ ಸುವರ್ಣಾ ಹುಲಿಗಿಗೆ ಹೋದಾಗ ಅಮ್ಮನ ಗುಡಿಯ ಮುಂದಿನ ಅಂಗಡಿಗಳಿಂದ ಕೆಂಪು ದಾರದ ಲಡಿ ತರುತ್ತಾಳೆ. ಯುಗಾದಿಯ ಬೆಳಿಗ್ಗೆ ಹಳೆಯ ಉಡದಾರವನ್ನು ಚಾಪೆಯ ಮೇಲೆ ನೇರ ಮಾಡಿ, ಅದರ ಪಕ್ಕ ಹೊಸದನ್ನು ಹಿಡಿದು, ಅಷ್ಟಕ್ಕೇ ಕತ್ತರಿಸಿ ಕೊಡುತ್ತಾಳೆ. ಹೀಗೆ ವರ್ಷದಿಂದ ವರ್ಷಕ್ಕೆ, ಒಂದರ ಅಳತೆಗೆ ಇನ್ನೊಂದು. ಎಂದೂ ಬಿಗಿಯಾಗಿಲ್ಲ, ಎಂದೂ ಸಾಲದೆ ಬಂದಿಲ್ಲ. ಇಷ್ಟು ನಿಖರವಾದ ದಾಖಲೆ ಯಾವ ಆಸ್ಪತ್ರೆಯಲ್ಲಿದೆ?

ಡಾಕ್ಟರಮ್ಮ ತಾಳ್ಮೆಯಿಂದ ಕೇಳಿಸಿಕೊಂಡು, "ಎಲ್ಲೈತಿ ತೋರಸ್ರಿ ನಿಮ್ಮ ಉಡದಾರ" ಎಂದರು. ನಾನು ಅಂಗಿ ಎತ್ತಿದೆ. ಹೊಟ್ಟೆ ಕಂಡಿತು, ಉಡದಾರ ಕಾಣಲಿಲ್ಲ. ಬಗ್ಗಿ ನೋಡಿದೆ, ನನಗೂ ಕಾಣಲಿಲ್ಲ. ಕೈಯಿಂದ ತಡಕಿದಾಗ ಎಲ್ಲೋ ಕೆಳಗೆ, ತೊಡೆಯ ಮೂಳೆಯ ಹತ್ತಿರ, ಆರಾಮವಾಗಿ ಸಿಕ್ಕಿತು.

ಹಿಂದೆ ನಿಂತಿದ್ದ ಹನುಮಪ್ಪ ಬಗ್ಗಿ ನೋಡಿ, "ಐತ್ರಿ ಡಾಕ್ಟರಮ್ಮಾರ, ಸಾಹೇಬ್ರ ಉಡದಾರ ನೆಳ್ಳಾಗ ಕುಂತೈತ್ರಿ" ಎಂದ.

ಅಂಗಳಕ್ಕೆ ಅಂಗಳವೇ ನಕ್ಕಿತು. ವೀರೇಶನಂತೂ ತನ್ನ ಎರಡು ಬೆರಳಿನ ಸಂದನ್ನು ಮರೆತು ನಕ್ಕ. ಆಗ ನನಗೆ ಅರ್ಥವಾಯಿತು. ಹೊಟ್ಟೆ ಮುಂದೆ ಬಂದಂತೆಲ್ಲ ಉಡದಾರ ತಕರಾರು ಮಾಡದೆ ಕೆಳಗೆ ಕೆಳಗೆ ಇಳಿದು, ದೇಹದಲ್ಲಿ ಇನ್ನೂ ಬೆಳೆಯದ ಜಾಗ ಹುಡುಕಿಕೊಂಡಿತ್ತು. ಬೆಲ್ಟೂ ಅದನ್ನೇ ಮಾಡಿತ್ತು, ಪ್ಯಾಂಟೂ ಅದನ್ನೇ ಮಾಡಿತ್ತು. ನನ್ನ ಸುತ್ತ ಇದ್ದವರೆಲ್ಲ ಮರ್ಯಾದಸ್ಥರು. ಚೀಲದ ದಾರಕ್ಕೆ ಮಾತ್ರ ಆ ಸಂಕೋಚವಿರಲಿಲ್ಲ. ಹೊಕ್ಕುಳ ಮಟ್ಟಕ್ಕೆ ಸುತ್ತಿದಾಗ ಅದರ ಎರಡು ತುದಿಗಳ ನಡುವೆ ನನ್ನ ಇಡೀ ಅಂಗೈ ಮಲಗುವಷ್ಟು ಜಾಗ ಉಳಿಯಿತು.

"ಇದರಿಂದ ಕಾಯಿಲೆ ಐತಿ ಅಂತಲ್ರಿ" ಎಂದು ಡಾಕ್ಟರಮ್ಮ ಸಮಾಧಾನ ಹೇಳಿದರು. "ಬರೂ ಸಂಭವ ಐತಿ, ನೋಡ್ಕೋರಿ ಅಂತ ಅಷ್ಟ. ಮನ್ಯಾಗ ಯಾರಿಗರ ಶುಗರ್ ಐತೇನು?" ಅಣ್ಣನ ವಿಷಯ ಹೇಳಿದೆ. "ಹಂಗಾದ್ರ ತಡಾ ಮಾಡಬ್ಯಾಡ್ರಿ. ಖಾಲಿ ಹೊಟ್ಟ್ಯಾಗ ಹೋಗಿ ರಕ್ತ ಕೊಟ್ಟ ಬರ್ರಿ" ಎಂದರು. ನಾನು ಆ ದಾರವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದೆ.

ನಾನು ಮರುದಿನವೇ ರಕ್ತ ಕೊಟ್ಟು ಬಂದೆ ಎಂದು ಓದುಗರು ಊಹಿಸಿದ್ದರೆ ಅವರಿಗೆ ಚಿಂತೆ ಮಾಡುವವರ ಸ್ವಭಾವ ಗೊತ್ತಿಲ್ಲ. ನಾನು ಅಳೆಯತೊಡಗಿದೆ. ಎದ್ದ ಕೂಡಲೇ ಅಳೆದೆ. ಚಹಾ ಕುಡಿದು ಅಳೆದೆ. ಸ್ನಾನದ ಮೊದಲು, ಸ್ನಾನದ ನಂತರ, ಉಸಿರು ಬಿಟ್ಟು, ಉಸಿರು ಹಿಡಿದು. ಉಸಿರನ್ನು ಚೆನ್ನಾಗಿ ಹಿಡಿದರೆ ಸಂದು ಅರ್ಧಕ್ಕೆ ಇಳಿಯುತ್ತದೆಂದು ಕಂಡುಕೊಂಡೆ. ಆದರೆ ಹಾಗೆ ಹಿಡಿದುಕೊಂಡು ಬಹಳ ಹೊತ್ತು ಬದುಕಲಾಗದು. ಆಮೇಲೆ ಹೊಳೆಯಿತು, ಹೊಟ್ಟೆ ಇಳಿಯದಿದ್ದರೇನು, ಎತ್ತರ ಏರಿದರೂ ಲೆಕ್ಕ ಸರಿಹೋಗುತ್ತದಲ್ಲ! ಗಿರಣಿಯಲ್ಲಿ ಗಡಿಬಿಡಿಯಲ್ಲಿ ನನ್ನ ಎತ್ತರವನ್ನು ಕಡಿಮೆ ಹಿಡಿದಿರಬೇಕು. ಹೊಸ ದಾರ ತಂದು ಗೋಡೆಗೆ ಒರಗಿ ನಿಂತು, ಸುವರ್ಣಾಳನ್ನು ಕರೆದು, ನೆತ್ತಿಯಿಂದ ನೆಲದವರೆಗೆ ಹಿಡಿಯಲು ಹೇಳಿದೆ.

ಅವಳು ಸ್ಟೂಲಿನ ಮೇಲೆ ಹತ್ತಿ ದಾರ ಇಳಿಬಿಟ್ಟು, ನನ್ನ ಪಾದಗಳನ್ನು ನೋಡಿ ನಿಂತಳು. "ಚಪ್ಪಲಿ ಯಾಕ ಹಾಕ್ಕೊಂಡೀರಿ?"

"ನೆಲ ತಂಪಿದೆ."

"ಬ್ಯಾಸಗಿ ಒಳಗ! ಚಪ್ಪಲಿಗೂ ಶುಗರ್ ನೋಡಸಾವ್ರೇನು?" ಎಂದು ದಾರವನ್ನು ನನ್ನ ಹೆಗಲ ಮೇಲೆ ಎಸೆದು ಒಳಗೆ ಹೋದಳು.

ಸುವರ್ಣಾ ಯಲಬುರ್ಗಾದ ಕಡೆಯವಳು, ಜೋಳದ ರೊಟ್ಟಿ ತಿಂದು ಬೆಳೆದವಳು. ಮದುವೆಯಾಗಿ ಈ ಕಾಲುವೆ ಸೀಮೆಗೆ ಬಂದ ಮೇಲೆ ನಮ್ಮ ಹಾಗೆ ಮೂರು ಹೊತ್ತೂ ಅಕ್ಕಿಗೆ ಒಗ್ಗಿಕೊಂಡಳು. ಬೆಳಿಗ್ಗೆ ಮಂಡಕ್ಕಿ, ಮಧ್ಯಾಹ್ನ ಅನ್ನ, ಸಂಜೆ ಮತ್ತೆ ಅನ್ನ. ಮಂಡಕ್ಕಿಯೂ ಅಕ್ಕಿಯೇ ಎಂಬುದನ್ನು ನಾವು ಯಾರೂ ಗಂಭೀರವಾಗಿ ತೆಗೆದುಕೊಂಡಿಲ್ಲ. ನನ್ನ ಅಳತೆಯ ಹುಚ್ಚು ಶುರುವಾದ ಮೇಲೆ ಅವಳು ನನಗೆಂದೇ ರೊಟ್ಟಿ ಬಡಿಯತೊಡಗಿದಳು. ನಾನು ರೊಟ್ಟಿ ತಿಂದೆ, ತಿಂದ ಮೇಲೆ ಅಭ್ಯಾಸಬಲದಿಂದ ಅನ್ನವನ್ನೂ ತಿಂದೆ. ರೊಟ್ಟಿಯನ್ನು ಔಷಧಿಯೆಂದು ಲೆಕ್ಕಕ್ಕೆ ಹಿಡಿದೆನೇ ಹೊರತು ಊಟವೆಂದಲ್ಲ.

"ರಕ್ತ ಯಾವಾಗ ಕೊಡ್ತೀರಿ?" ಎಂದು ಅವಳು ಕೇಳಿದಾಗಲೆಲ್ಲ ನನ್ನ ಬಳಿ ಉತ್ತರ ಸಿದ್ಧವಾಗಿತ್ತು. ಇನ್ನೆರಡು ಬೆರಳು ಇಳಿಯಲಿ, ಆಮೇಲೆ ಹೋಗುತ್ತೇನೆ. ಈಗಲೇ ಹೋದರೆ ಫಲಿತಾಂಶ ಕೆಟ್ಟದಾಗಿ ಬರುತ್ತದೆ, ಒಂದಿಷ್ಟು ತಯಾರಿ ಮಾಡಿಕೊಂಡು ಹೋಗುವುದೇ ಸರಿಯಲ್ಲವೇ? "ಓದಕೊಂಡ ಹೋಗಾಕ ಅದೇನ ಸಾಲಿ ಪರೀಕ್ಷಾ ಏನ್ರಿ?" ಎನ್ನುತ್ತಿದ್ದಳು. ನನಗಂತೂ ಅದು ಪರೀಕ್ಷೆಯೇ. ದಾರದಿಂದ ಅಳೆಯುತ್ತಿರುವಷ್ಟು ಕಾಲ ನಾನು ಏನೋ ಮಾಡುತ್ತಿದ್ದೇನೆ ಎಂಬ ತೃಪ್ತಿಯಿತ್ತು. ರಕ್ತ ಕೊಟ್ಟರೆ ಗೊತ್ತಾಗಿಬಿಡುತ್ತದೆ. ಗೊತ್ತಾಗುವುದಕ್ಕೂ ಚಿಂತೆ ಮಾಡುವುದಕ್ಕೂ ಬಹಳ ವ್ಯತ್ಯಾಸವಿದೆ; ಎರಡನೆಯದರಲ್ಲಿ ನನಗೆ ಅನುಭವವಿದೆ.

ಕೊನೆಗೆ ಅವಳು ನನ್ನ ಮೇಲೆ ಅಣ್ಣನನ್ನು ಬಿಟ್ಟಳು. ಒಂದು ಸಂಜೆ ಕುಷ್ಟಗಿಯಿಂದ ಫೋನು. "ಏನಲೇ, ಸೊಂಟಕ್ಕ ಸುತಳಿ ಸುತ್ತಗೊಂಡ ಅಡ್ಡಾಡಾಕ ಹತ್ತೀಯಂತ?"

"ಅದು ಡಾಕ್ಟರು ಹೇಳಿದ ಅಳತೆ, ಅಣ್ಣಾ."

"ಅಳ್ಯಾಕ ಹೇಳ್ಯಾರೋ, ಅಳಕೋಂತ ಕುಂದ್ರಾಕ ಹೇಳ್ಯಾರೋ? ನಾನೂ ಹಿಂಗ ಇವತ್ತ ನಾಳಿ ಅಂದ ಅಂದ ಬೆರಳ ಕೊಟ್ಟ ಕುಂತೀನಿ. ನೀ ಏನೇನ ಕೊಡಾಂವ ಅದೀಯೋ ನೋಡ್ಕೋ." ಫೋನು ಇಟ್ಟುಬಿಟ್ಟ. ನಾನು ನನ್ನ ಕಾಲ್ಬೆರಳುಗಳನ್ನು ನೋಡಿಕೊಂಡೆ. ಎಲ್ಲವೂ ಇದ್ದವು, ಎಲ್ಲದರ ಮೇಲೂ ಮೊದಲಿಗಿಂತ ಹೆಚ್ಚು ಅಕ್ಕರೆ ಹುಟ್ಟಿತು.

ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೊರಟೆ. ಒಬ್ಬನೇ ಅಲ್ಲ, ಸುವರ್ಣಾಳನ್ನೂ ಕರೆದುಕೊಂಡು. ಸೂಜಿ ಕಂಡರೆ ನನಗೆ ಕಣ್ಣು ಕತ್ತಲೆ ಬರುತ್ತದೆ, ಬಿದ್ದರೆ ಹಿಡಿಯಲು ನಂಬಿಗಸ್ತರು ಬೇಕು. ಲ್ಯಾಬಿನವನು ತೋಳಿಗೆ ಪಟ್ಟಿ ಬಿಗಿದ. ನಾನು ತೋಳು ಹಿಂದಕ್ಕೆಳೆದುಕೊಂಡೆ. ಅವನು ಮತ್ತೆ ಬಿಗಿದ, ನಾನು ನೀರು ಕೇಳಿದೆ. ಹಿಂದೆ ಸರದಿಯಲ್ಲಿದ್ದವರು ಗೊಣಗತೊಡಗಿದರು.

ಸುವರ್ಣಾ ಎದ್ದು ಬಂದಳು. "ಏಳ್ರಿ ನೀವು. ಮೊದ್ಲ ನಂದ ತಗೀರಪಾ, ಇವ್ರು ನೋಡ್ಲಿ. ಇರಬಿ ಕಡದಂಗ ಅಷ್ಟ."

"ಅಕ್ಕಾರ, ನೀವು ಏನರ ತಿಂದೀರೇನ್ರಿ?" ಎಂದ ಲ್ಯಾಬಿನವನು.

"ಅವ್ರು ಉಂಡಿಲ್ಲಂದ್ರ ನಾ ಹೆಂಗ ಉಣ್ಲಿ?" ಎಂದು ಕೈ ಚಾಚಿ ಕುಳಿತಳು. ಅದು ನಿಜ. ಮದುವೆಯಾದಾಗಿನಿಂದ ನಾನು ತಿನ್ನದೆ ಅವಳು ತಿಂದದ್ದಿಲ್ಲ. ನಾನು ಬೇಡವೆಂದು ಎಷ್ಟು ಹೇಳಿದರೂ ಆ ಪದ್ಧತಿ ಬಿಟ್ಟಿಲ್ಲ. ಹೀಗೆ ಅವಳ ರಕ್ತವೂ ಹೋಯಿತು, ಆಮೇಲೆ ನಾಚಿಕೆಯಿಂದ ನನ್ನದೂ ಹೋಯಿತು.

ಸಂಜೆ ಗಿರಣಿಯಿಂದ ಬರುವಾಗ ಲ್ಯಾಬಿಗೆ ಹೋದೆ. ಬಾಗಿಲಲ್ಲೇ ಅವನು, "ಬರ್ರಿ ಸರ. ಇಬ್ಬರ ಪೈಕಿ ಒಬ್ಬರದ ಭಾಳ ಹೆಚ್ಚೈತಿ ನೋಡ್ರಿ" ಎಂದ. ಯಾರದೆಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೇ ಕಾಣಲಿಲ್ಲ. ಬೆಂಚಿನ ಮೇಲೆ ಕುಳಿತೆ. ಮೊದಲು ಬೆರಳುಗಳು ಹೋದವು, ಆಮೇಲೆ ಕಣ್ಣು, ಆಮೇಲೆ ಕಿಡ್ನಿ. ವೇಬ್ರಿಜ್ಜಿಗೆ ಬೇರೆಯವನು ಬಂದು ಕುಳಿತದ್ದೂ ಕಂಡಿತು. ನನ್ನ ಮುಖ ನೋಡಿ ಲ್ಯಾಬಿನವನು ಗಾಬರಿಯಾಗಿ ನೀರು ತಂದು, "ನಿಮ್ದಲ್ರಿ ಸರ, ನಿಮ್ದ ಎಲ್ಲಾ ನಾರ್ಮಲ್ ಐತಿ. ಅಕ್ಕಾರದ್ದು ಹೆಚ್ಚಿರೂದು" ಎಂದ.

ಹೇಳಬಾರದು, ಆದರೂ ಹೇಳುತ್ತೇನೆ. ಆ ಮಾತಿನ ಮೊದಲರ್ಧ ಕಿವಿಗೆ ಬಿದ್ದಾಗ ನನ್ನ ಎದೆಯಿಂದ ಒಂದು ಲಾರಿ ಭತ್ತ ಇಳಿದಂತಾಯಿತು. ಎರಡನೆಯ ಅರ್ಧ ಬಿದ್ದಾಗ ಇಳಿದದ್ದೆಲ್ಲ ಮತ್ತೆ ಏರಿತು, ಜೊತೆಗೆ ಆ ಮೊದಲ ಸಂತೋಷದ ಭಾರವೂ ಸೇರಿತು. ಇಷ್ಟು ದಿನ ಮನೆಯಲ್ಲಿ ಎರಡು ಹೊಟ್ಟೆಗಳಿದ್ದವು. ನಾನು ಅಳೆದದ್ದು ಒಂದನ್ನೇ. ದಾರ ಹಿಡಿದು ಸ್ಟೂಲು ಹತ್ತಿ ನಿಂತವಳ ಸುತ್ತ ಆ ದಾರವನ್ನು ಒಮ್ಮೆ ಸುತ್ತಿ ನೋಡೋಣ ಎಂದು ನನಗೆ ಅನ್ನಿಸಿರಲಿಲ್ಲ. ಸೀರೆಯ ನೆರಿಗೆ ಉಡದಾರಕ್ಕಿಂತ ದೊಡ್ಡ ಮರ್ಯಾದಸ್ಥ, ಏನನ್ನೂ ಹೊರಗೆ ಹೇಳುವುದಿಲ್ಲ.

ಮನೆಗೆ ಹೋಗಿ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಅವಳು ಸೊಪ್ಪು ಸೋಸುತ್ತ ಕುಳಿತಿದ್ದಳು. ಜೋಡಿಸಿದ್ದೆಲ್ಲ ಮರೆತು, "ಸುವರ್ಣಾ, ನಿನಗೆ ಶುಗರ್ ಇದೆಯಂತೆ" ಎಂದುಬಿಟ್ಟೆ.

"ಹೌದಾ?" ಎಂದಳು. ಒಂದು ಕಡ್ಡಿ ಸೋಸಿ ಬದಿಗಿಟ್ಟಳು. "ಅದಕ್ಕ ಈಗೀಗ ಅಷ್ಟ ದಣಿವು. ಎಷ್ಟ ನೀರ ಕುಡದ್ರೂ ಬಾಯಿ ಆರತಿತ್ತು."

"ಮತ್ತೆ ಹೇಳಬಾರದೇ ನನಗೆ?"

"ನಿಮ್ಮ ಹೊಟ್ಟಿ ಅಳ್ಯೂದ ಮುಗೀಲಿ, ಆಮ್ಯಾಲ ಹೇಳೂಣು ಅಂತಿದ್ದೆ."

ಅವಳು ಅದನ್ನು ಚುಚ್ಚಲು ಹೇಳಲಿಲ್ಲ. ನಿಜವಾಗಿಯೂ ಸರದಿ ಕಾಯುತ್ತಿದ್ದಳು. ಅವಳ ಕೈಯಿಂದ ಸೊಪ್ಪು ತೆಗೆದುಕೊಂಡು ನಾನೇ ಸೋಸತೊಡಗಿದೆ. ಕೊಳೆತದ್ದನ್ನು ಇಟ್ಟುಕೊಂಡು ಒಳ್ಳೆಯದನ್ನು ಎಸೆಯುತ್ತಿದ್ದೇನೆಂದು ಅವಳು ಹೇಳಿದ ಮೇಲೆಯೇ ಗೊತ್ತಾದದ್ದು.

ಮರುದಿನ ವರದಿ ತೋರಿಸಲು ಹೋದಾಗ ಡಾಕ್ಟರು ಇಬ್ಬರಿಗೂ ಕೂಡಿಯೇ ಹೇಳಿದರು. ಅವಳಿಗೆ ಗುಳಿಗೆ, ನಡಿಗೆ, ಅನ್ನ ಕಡಿಮೆ, ಕಾಲಿನ ಮೇಲೆ ನಿಗಾ. ಬೇಗ ಗೊತ್ತಾಗಿದೆ, ಹೆದರುವುದೇನಿಲ್ಲ. ನನಗೆ, "ಈ ಸಲ ಪಾರಾಗೀರಿ, ಹೊಟ್ಟಿ ಅಲ್ಲೇ ಐತಿ, ವರ್ಷಕ್ಕೊಮ್ಮಿ ಬರ್ರಿ." ಡಾಕ್ಟರು ಹೇಳಿದ್ದನ್ನೆಲ್ಲ ಸುವರ್ಣಾ ಹೇಳಿದ ಹಾಗೆ ಮಾಡತೊಡಗಿದಳು. ಎರಡು ಪಾತ್ರೆ ಅನ್ನ ಒಂದಾಯಿತು. ರೊಟ್ಟಿ ಊಟವಾಯಿತು. ನಾನು ಗಿರಣಿಯಿಂದ ತಡವಾಗಿ ಬಂದರೆ, ಗುಳಿಗೆಯ ಹೊತ್ತು ಮೀರಬಾರದೆಂದು, ಜೀವಮಾನದಲ್ಲಿ ಮೊದಲ ಸಲ ನನಗಿಂತ ಮುಂಚೆ ಉಣ್ಣತೊಡಗಿದಳು. ಅದನ್ನು ನೋಡಿ ಸಂತೋಷವಾಯಿತು, ಒಬ್ಬನೇ ಉಣ್ಣಲು ಕುಳಿತಾಗ ತುಸು ಬೇಜಾರೂ ಆಯಿತು. ಅವಳ ಪಾಲಿನ ಚಿಂತೆಯನ್ನು ಪೂರ್ತಿಯಾಗಿ ನಾನೇ ವಹಿಸಿಕೊಂಡಿದ್ದೇನೆ; ಅದರಿಂದ ಅವಳಿಗೆ ಬೇರೆ ಕೆಲಸಗಳಿಗೆ ಸಮಯ ಸಿಗುತ್ತದೆ.

ಈಗ ದಿನಾ ಬೆಳಿಗ್ಗೆ ಕಾಲುವೆಯ ದಂಡೆಯ ಮೇಲೆ ಇಬ್ಬರೂ ನಡೆಯಲು ಹೋಗುತ್ತೇವೆ. ಇಬ್ಬರೂ ಎಂಬುದು ಹೊರಡುವಾಗಿನ ಮಾತು. ಸ್ವಲ್ಪ ಹೊತ್ತಿಗೆ ಅವಳು ಸೆರಗು ಸಿಕ್ಕಿಸಿಕೊಂಡು ಬಹಳ ಮುಂದೆ ಹೋಗಿರುತ್ತಾಳೆ, ನಾನು ಹಿಂದೆ ಏದುಸಿರು ಬಿಡುತ್ತ, ಅವಳ ಕಾಲಿಗೆ ಕಲ್ಲು ತಾಗಬಾರದೆಂದು ದೂರದಿಂದಲೇ ಕೂಗುತ್ತ ಹೋಗುತ್ತಿರುತ್ತೇನೆ. ಮೊನ್ನೆ ಎದುರಿಗೆ ಬಂದ ಪರಿಚಯದವರೊಬ್ಬರು ಅವಳನ್ನು ದಾಟಿ, ನನ್ನ ಹತ್ತಿರ ಬಂದು ನಿಂತು, ನನ್ನ ಬೆವರನ್ನೂ ಹೊಟ್ಟೆಯನ್ನೂ ನೋಡಿ ದನಿ ತಗ್ಗಿಸಿ ಕೇಳಿದರು: "ಯಾವಾಗಿಂದ ಐತ್ರಿ ನಿಮಗ ಶುಗರ್?"

ತಗ್ಗಿಸಿದ ದನಿಯೂ ಕಾಲುವೆಯ ದಂಡೆಯಲ್ಲಿ ದೂರ ಕೇಳುತ್ತದೆ. ಸುವರ್ಣಾ ನಡಿಗೆ ನಿಲ್ಲಿಸದೆ, ತಿರುಗಿಯೂ ನೋಡದೆ, ಅಲ್ಲಿಂದಲೇ ಉತ್ತರ ಕೊಟ್ಟಳು: "ಶುಗರ್ ನಂಗೈತ್ರಿ ಅಣ್ಣಾರ. ಅವ್ರಿಗೆ ಬರೇ ದಣಿವು."

ನಾನು ಅವರಿಗೆ ಕೈಮುಗಿದು ಅವಳ ಹಿಂದೆ ಹೆಜ್ಜೆ ಹಾಕಿದೆ. ಕಲ್ಲು ನೋಡಿಕೋ ಎಂದು ಕೂಗುವಷ್ಟೂ ಉಸಿರಿರಲಿಲ್ಲ.